ರಾಜಕೀಯದಲ್ಲಿ ನಡುದಾರಿ

ವರ್ತಮಾನ ಪತ್ರಿಕೆಗಳನ್ನು ಓದುವ ಅಭ್ಯಾಸವುಳ್ಳ ವಿದ್ಯಾರ್ಥಿಗಳಿಗೆ ಎಡಪಂಥ, ಬಲಪಂಥ ಎಂಬ ಮಾತುಗಳು ಅಪರಿಚಿತವಲ್ಲ. ಒಂದು ಪಕ್ಷವನ್ನು ಎಡಪಂಥದ್ದೆಂದೂ ಮತ್ತೊಂದನ್ನು ಬಲಪಂಥದ್ದೆಂದೂ ಕರೆಯುವುದು ಎಷ್ಟು ರೂಢಿಯಾಗಿದೆಯೆಂದರೆ, ಈ ಎಡ ಯಾರ ಎಡ, ಈ ಬಲ ಯಾರ ಬಲ ಎಂದು ಕೇಳುವವರೇ ವಿರಳ. ಕೇಳಿದರೆ ಉತ್ತರ ಸ್ವಾರಸ್ಯವಾಗಿದೆ. 1789ರಲ್ಲಿ ಫ್ರಾನ್ಸ್ ದೇಶದ ಮಹಾಕ್ರಾಂತಿ ಮೊದಲಾದಾಗ ಅಲ್ಲಿನ ರಾಷ್ಟ್ರಸಭೆಯು ಹೊಸ ರಾಜ್ಯಾಂಗವನ್ನು ಕುರಿತು ಚರ್ಚಿಸತೊಡಗಿತು. ಸಭೆಯು ಒಪ್ಪಿದ ಶಾಸನವನ್ನು ತಡೆಹಿಡಿಯುವ ಅಧಿಕಾರ ದೊರೆಗೆ ಇರಬೇಕೆ, ಬೇಡವೆ ಎಂಬ ಪ್ರಶ್ನೆ ಎದ್ದಿತು. ಇರಬೇಕೆಂದವರು ಅಧ್ಯಕ್ಷರ ಬಲಗಡೆಯ ಪೀಠಗಳಲ್ಲಿಯೂ, ಬೇಡವೆಂದವರು ಎಡಗಡೆಯ ಪೀಠಗಳಲ್ಲಿಯೂ ಕುಳಿತರು. ಹಾಗೆ ಕುಳಿತವರು ಎದ್ದುಹೋಗಿ ಎರಡು ಶತಮಾನಗಳಿಗೂ ಹೆಚ್ಚು ಕಾಲ ಸಂದಿದೆ. ಪೀಠಗಳ ಹೆಸರು ಮಾತ್ರ ಲೋಕದ ಬಹುತೇಕ ಭಾಷೆಗಳಲ್ಲಿ ನಿಂತುಬಿಟ್ಟಿದೆ.

ಸ್ಥೂಲವಾಗಿ ಹೇಳುವುದಾದರೆ, ಸಂಪತ್ತೂ ಅಧಿಕಾರವೂ ಕೆಲವರಲ್ಲಿಯೇ ಕೂಡಿಕೊಂಡಿವೆ, ಅವನ್ನು ಹಂಚಬೇಕು, ಹಂಚುವ ಕೆಲಸವನ್ನು ಸರ್ಕಾರವೇ ಮಾಡಬೇಕು ಎನ್ನುವವರನ್ನು ಎಡದವರೆನ್ನುತ್ತೇವೆ. ಬಹುಕಾಲದಿಂದ ನಡೆದುಬಂದ ವ್ಯವಸ್ಥೆಯನ್ನು ಅವಸರದಿಂದ ಕೆಡವಬಾರದು, ಜನರ ಆಸ್ತಿಗೂ ಉದ್ಯಮಕ್ಕೂ ಆಚಾರಕ್ಕೂ ಸರ್ಕಾರ ಕೈಹಾಕದಿದ್ದಷ್ಟೂ ಲೇಸು ಎನ್ನುವವರನ್ನು ಬಲದವರೆನ್ನುತ್ತೇವೆ. ನಿಜವಾದ ಪಕ್ಷಗಳು ಈ ಅಚ್ಚುಗಳಲ್ಲಿ ಸರಿಯಾಗಿ ಕೂಡುವುದಿಲ್ಲ. ಅದು ಬೇರೆಯ ಮಾತು. ಇವೆರಡರ ನಡುವೆ ಒಂದು ದಾರಿಯುಂಟೆ, ಉಂಟಾದರೆ ಅದು ಎಂಥದು ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ನಡುವಿನವನೆಂದರೆ ನಮ್ಮ ಜನರಿಗೆ ಮೊದಲು ಮೂಡುವುದು ಅನುಮಾನ. ಕೇಳಿದ ಪ್ರಶ್ನೆಗೆ ಹೌದೆಂದೂ ಹೇಳದೆ ಅಲ್ಲವೆಂದೂ ಹೇಳದೆ ಜಾರಿಕೊಳ್ಳುವವನ ಮಾತನ್ನು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಎನ್ನುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೊರಟವನನ್ನು ನೋಡಿ ನಗುತ್ತಾರೆ. ಎರಡು ದೋಣಿಗಳಲ್ಲಿ ಕಾಲಿಟ್ಟವನ ಗತಿ ಏನೆಂಬುದು ಎಲ್ಲರಿಗೂ ಗೊತ್ತು. ಈ ಗಾದೆಗಳನ್ನು ಕಟ್ಟಿದವರು ಅನುಭವಸ್ಥರು; ಅವರ ಅನುಮಾನ ನಿರಾಧಾರವಾದುದಲ್ಲ. ಆದರೆ ಅದೇ ಜನರು ‘ಹದ’ ಎಂಬ ಒಂದು ಅಮೂಲ್ಯವಾದ ಮಾತನ್ನೂ ನಮಗೆ ಕೊಟ್ಟಿದ್ದಾರೆ. ಬೆಲ್ಲದ ಪಾಕಕ್ಕೆ ಹದವುಂಟು, ಬಿತ್ತುವ ನೆಲಕ್ಕೆ ಹದವುಂಟು, ಕುಡುಗೋಲಿನ ಅಲಗಿಗೂ ಹದವುಂಟು. ಹಸಿಯಾದುದಕ್ಕೂ ಸೀದುಹೋದುದಕ್ಕೂ ನಡುವೆ ಇರುವುದರಿಂದ ಹದವು ಒಂದು ಬಗೆಯ ಮಧ್ಯವೇ ಸರಿ. ಆದರೆ ಅದು ಅರ್ಧ ಹಸಿ, ಅರ್ಧ ಸೀದದ್ದು ಅಲ್ಲ. ಒಲೆಯ ಮುಂದೆ ಕಣ್ಣಿಟ್ಟು ನಿಂತವರಿಗೆ ಮಾತ್ರ ಅದು ಸಿಕ್ಕುತ್ತದೆ.

ಇಂಗ್ಲಿಷಿನಲ್ಲಿ ‘ರ‍್ಯಾಡಿಕಲ್ ಸೆಂಟ್ರಿಸಂ’ ಎಂದು ಕರೆಯಲ್ಪಡುವ ವಿಚಾರಧಾರೆಯು ಈ ಎರಡನೆಯ ಬಗೆಯ ಮಧ್ಯವನ್ನು ಅರಸುತ್ತದೆ. ನಾವು ಅದನ್ನು ‘ಮೂಲಗಾಮಿ ಮಧ್ಯಮಮಾರ್ಗ’ ಎನ್ನಬಹುದು. ರ‍್ಯಾಡಿಕಲ್ ಎಂದರೆ ಉಗ್ರವಾದ, ತೀವ್ರವಾದ ಎಂದು ಸಾಮಾನ್ಯವಾಗಿ ಅರ್ಥ ಹೇಳುವುದುಂಟು. ಆದರೆ ಆ ಪದ ಹುಟ್ಟಿದುದು ಲ್ಯಾಟಿನ್ ಭಾಷೆಯ ‘ರಾಡಿಕ್ಸ್’ ಎಂಬುದರಿಂದ. ರಾಡಿಕ್ಸ್ ಎಂದರೆ ಬೇರು. ನಮ್ಮ ಮನೆಗಳಲ್ಲಿ ಹುಳಿಗೆ ಹಾಕುವ ಮೂಲಂಗಿಗೆ ಇಂಗ್ಲಿಷಿನವರು ರ‍್ಯಾಡಿಷ್ ಎನ್ನುವುದೂ ಅದೇ ಮೂಲದಿಂದ. ಮೂಲಂಗಿಯಲ್ಲಿಯೂ ‘ಮೂಲ’ ಇರುವುದನ್ನು ವಿದ್ಯಾರ್ಥಿಗಳು ಗಮನಿಸಬಹುದು. ಎರಡು ದೂರದ ಭಾಷೆಗಳು ಒಂದೇ ಗೆಡ್ಡೆಯನ್ನು ನೋಡಿ ಒಂದೇ ಬಗೆಯ ಹೆಸರಿಟ್ಟಿರುವುದು ಸೋಜಿಗ. ಆದಕಾರಣ ಮೂಲಗಾಮಿ ಎಂದರೆ ಗಟ್ಟಿಯಾಗಿ ಕೂಗುವವನಲ್ಲ, ಬೇರಿನವರೆಗೆ ಹೋಗುವವನು. ಎಡದವರೂ ಬಲದವರೂ ಎತ್ತುವ ಪ್ರಶ್ನೆಗಳಲ್ಲಿ ನಿಜವಾದುದು ಯಾವುದೆಂದು ಆರಿಸಿಕೊಳ್ಳಬೇಕು. ಅವರಿಬ್ಬರ ಉತ್ತರಗಳನ್ನು ಅರ್ಧರ್ಧವಾಗಿ ಕೂಡಿಸಿ ತೃಪ್ತಿಪಡದೆ, ಆ ತೊಂದರೆಯು ಹುಟ್ಟುವ ವ್ಯವಸ್ಥೆಯನ್ನೇ ಬದಲಾಯಿಸಬೇಕು. ಬದಲಾವಣೆಯ ಗುಣವನ್ನು ಸಿದ್ಧಾಂತದಿಂದಲ್ಲ, ಫಲದಿಂದ ಅಳೆಯಬೇಕು. ಈ ಮಾರ್ಗದ ಸಾರ ಇಷ್ಟೇ.

ಪಶ್ಚಿಮದಲ್ಲಿ ಇದರ ಗ್ರಂಥಗಳು ಹಲವು. ಅಮೆರಿಕದ ಇತಿಹಾಸಕಾರ ಆರ್ಥರ್ ಶ್ಲೆಸಿಂಜರ್ 1949ರಲ್ಲಿಯೂ, ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಆಂಟನಿ ಗಿಡೆನ್ಸ್ 1998ರಲ್ಲಿಯೂ, ಟೆಡ್ ಹಾಲ್ಸ್ಟೆಡ್ ಮತ್ತು ಮೈಕೇಲ್ ಲಿಂಡ್ ಎಂಬಿಬ್ಬರು 2001ರಲ್ಲಿಯೂ ಮಧ್ಯಮಮಾರ್ಗವನ್ನು ಕುರಿತು ಬರೆದ ಪುಸ್ತಕಗಳು ಪ್ರಸಿದ್ಧವಾಗಿವೆ. ವಿಚಾರ ಮಾತ್ರ ಹೊಸದಲ್ಲ. ಬಹು ಸಿರಿವಂತರೂ ಅಲ್ಲದ ಕಡುಬಡವರೂ ಅಲ್ಲದ ಜನರು ಹೆಚ್ಚಾಗಿರುವ ರಾಜ್ಯವೇ ನೆಮ್ಮದಿಯಾಗಿರುತ್ತದೆಂದು ಅರಿಸ್ಟಾಟಲನು ಎರಡು ಸಾವಿರ ವರ್ಷಗಳ ಹಿಂದೆಯೇ ವಾದಿಸಿದ್ದನು. ಅವನಿಗಿಂತ ಮುಂಚೆ ಬುದ್ಧನು ಭೋಗಕ್ಕೂ ದೇಹದಂಡನೆಗೂ ನಡುವಣ ಮಧ್ಯಮಮಾರ್ಗವನ್ನು ಬೋಧಿಸಿದನು. ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು: ಆ ಮಧ್ಯಮಮಾರ್ಗವನ್ನು ಹಿಡಿದಾತನು ಅರ್ಧ ದಿನ ಅರಮನೆಯಲ್ಲಿಯೂ ಅರ್ಧ ದಿನ ಕಾಡಿನಲ್ಲಿಯೂ ಕಳೆದವನಲ್ಲ.

ನಮ್ಮ ದೇಶದ ಸ್ವಾತಂತ್ರ್ಯ ಚಳವಳಿಯ ಚರಿತ್ರೆಯಲ್ಲಿ ಮಂದಗಾಮಿಗಳು, ತೀವ್ರಗಾಮಿಗಳು ಎಂಬ ವಿಭಾಗವನ್ನು ನೀವು ಪಾಠದಲ್ಲಿ ಓದಿದ್ದೀರಿ. ಮಂದಗಾಮಿ ಎಂಬ ಹೆಸರು ಕೇಳಿದರೆ ಎತ್ತಿನ ಗಾಡಿಯ ನೆನಪಾಗುವುದು ಸಹಜ. ಮಂದಗಾಮಿಗಳಲ್ಲಿ ಅಗ್ರಗಣ್ಯರಾದ ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಸಾಮ್ರಾಜ್ಯದ ಶಾಸನಸಭೆಯಲ್ಲಿ ಒಂದು ಮಸೂದೆಯನ್ನು ಮಂಡಿಸಿದರು: ಪ್ರಾಥಮಿಕ ಶಿಕ್ಷಣವನ್ನು ಕ್ರಮೇಣ ಕಡ್ಡಾಯಗೊಳಿಸಬೇಕು ಎಂಬುದು ಅದರ ಉದ್ದೇಶ. ಬಾಂಬು ಎಸೆಯದ, ಸಭೆಯಲ್ಲಿ ಧ್ವನಿಯೆತ್ತದ ಈ ಮನುಷ್ಯನು ಕೇಳಿದುದು ದೇಶದ ಬೇರಿಗೆ ನೀರು. 1912ರಲ್ಲಿ ಮಸೂದೆ ಬಿದ್ದುಹೋಯಿತು. ಸರ್ಕಾರದವರು ವಿರೋಧಿಸಿದರು, ಕೂಲಿಗೆ ಮಕ್ಕಳು ಸಿಕ್ಕರೆಂಬ ಭಯವಿದ್ದ ಜಮೀನುದಾರರೂ ವಿರೋಧಿಸಿದರು. ಮಕ್ಕಳಿಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣದ ಹಕ್ಕು ದೇಶದಲ್ಲಿ ಶಾಸನವಾಗಿ ಜಾರಿಗೆ ಬಂದುದು 2010ರ ಏಪ್ರಿಲ್ 1ರಂದು. ಯಾರು ಮಂದ, ಯಾರು ತೀವ್ರ ಎಂಬುದನ್ನು ನೀವೇ ನಿರ್ಣಯಿಸಬಹುದು. ಗೋಖಲೆಯವರ ತರುವಾಯ ಅವರ ಭಾರತ ಸೇವಕ ಸಮಾಜದ ಅಧ್ಯಕ್ಷರಾದವರು ಈ ನಮ್ಮ ಊರಿನ ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು. ಗೋಖಲೆಯವರ ಹೆಸರಿನಲ್ಲಿಯೇ ಡಿ. ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು.

ಹಾಗೆಂದು ಎಲ್ಲ ಪ್ರಶ್ನೆಗಳಿಗೂ ಮಧ್ಯವೊಂದು ಇದ್ದೇ ಇರುತ್ತದೆಂದು ತಿಳಿಯುವುದು ದೊಡ್ಡ ಪ್ರಮಾದ. ಅಸ್ಪೃಶ್ಯತೆ ಇರಬೇಕೆನ್ನುವವರಿಗೂ ಹೋಗಬೇಕೆನ್ನುವವರಿಗೂ ನಡುವೆ ನಿಂತು, ವಾರಕ್ಕೆ ಮೂರು ದಿನ ಮಾತ್ರ ಅಸ್ಪೃಶ್ಯತೆ ಇರಲಿ ಎನ್ನಲಾದೀತೆ? ಸಂವಿಧಾನದ 17ನೆಯ ವಿಧಿಯು ಅದನ್ನು ರದ್ದುಪಡಿಸಿತೇ ಹೊರತು ಮಿತಗೊಳಿಸಲಿಲ್ಲ. ಎಲ್ಲಿ ಒಬ್ಬನ ಮಾನಪ್ರಾಣಗಳ ಪ್ರಶ್ನೆಯಿರುವುದೋ ಅಲ್ಲಿ ನಡುವೆ ನಿಲ್ಲುವವನು ಬಲಿಷ್ಠನ ಕಡೆಗೇ ನಿಂತಂತೆ. ನಡುದಾರಿಯನ್ನು ಹೊಗಳುವ ಪುಸ್ತಕಗಳಲ್ಲಿ ಈ ಎಚ್ಚರಿಕೆ ಸಾಕಷ್ಟು ಕಾಣಿಸದಿರುವುದು ನನಗೆ ಒಂದು ಕೊರತೆಯಾಗಿಯೇ ತೋರುತ್ತದೆ.

ನಮ್ಮ ಚೆನ್ನೈಯ ಮಕ್ಕಳಿಗೆ ಈ ವಿಚಾರ ಹೆಸರಿನ ಮೂಲಕವಾದರೂ ಪರಿಚಿತವಾಗಿರಬೇಕು. ಚಲನಚಿತ್ರನಟ ಕಮಲಹಾಸನರು 2018ರ ಫೆಬ್ರುವರಿ 21ರಂದು ಮದುರೆಯಲ್ಲಿ ಸ್ಥಾಪಿಸಿದ ಪಕ್ಷದ ಹೆಸರು ‘ಮಕ್ಕಳ್ ನೀದಿ ಮೈಯಂ’. ತಮಿಳಿನಲ್ಲಿ ಮೈಯಂ ಎಂದರೆ ನಡು. ತಾವು ಎಡವೂ ಅಲ್ಲ, ಬಲವೂ ಅಲ್ಲ ಎಂದು ಅವರು ಸಾರಿದರು. 2021ರ ವಿಧಾನಸಭೆಯ ಚುನಾವಣೆಯಲ್ಲಿ ಪಕ್ಷಕ್ಕೆ ಒಂದು ಸ್ಥಾನವೂ ದೊರೆಯಲಿಲ್ಲ. ಸ್ಥಾಪಕರೇ ಕೊಯಮತ್ತೂರು ದಕ್ಷಿಣದಲ್ಲಿ 1,728 ಮತಗಳಿಂದ ಸೋತರು. ಅಧಿಕಾರ ಕೈಗೆ ಬಾರದ ಕಾರಣ ಆ ನಡುದಾರಿ ಎಲ್ಲಿಗೆ ಒಯ್ಯುತ್ತಿತ್ತೆಂಬುದನ್ನು ಪರೀಕ್ಷಿಸಲು ಅವಕಾಶವಾಗಲಿಲ್ಲ. ಪರೀಕ್ಷೆ ನಡೆದ ಉದಾಹರಣೆ ಬೇಕಾದರೆ ನಾವು ಕರ್ನಾಟಕದ ಕಡೆಗೆ ನೋಡಬೇಕು.

1983ರ ಜನವರಿಯಲ್ಲಿ ಅಲ್ಲಿ ವಿಧಾನಸಭೆಯ ಚುನಾವಣೆ ನಡೆಯಿತು. ಅಲ್ಲಿಯವರೆಗೆ ಆ ರಾಜ್ಯದಲ್ಲಿ ಕಾಂಗ್ರೆಸ್ಸಲ್ಲದ ಸರ್ಕಾರ ಬಂದಿರಲಿಲ್ಲ. 224 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82, ಭಾರತೀಯ ಜನತಾ ಪಕ್ಷಕ್ಕೆ 18 ದೊರೆತವು. ಉಳಿದವುಗಳಲ್ಲಿ ಹೆಚ್ಚಿನವು ಕಮ್ಯುನಿಸ್ಟರಿಗೂ ಪಕ್ಷೇತರರಿಗೂ ಹೋದವು. ಯಾರಿಗೂ ಬಹುಮತವಿಲ್ಲ. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರದ ಕಡೆಯವರಾದ ರಾಮಕೃಷ್ಣ ಹೆಗಡೆಯವರು ಜನವರಿ 10ರಂದು ಮುಖ್ಯಮಂತ್ರಿಯಾದರು. ಅವರ ಮಂತ್ರಿಮಂಡಲ ನಿಂತದ್ದು ಹೇಗೆ? ಬಲಗಡೆಯಿಂದ ಭಾರತೀಯ ಜನತಾ ಪಕ್ಷದವರೂ, ಎಡಗಡೆಯಿಂದ ಕಮ್ಯುನಿಸ್ಟರೂ ಹೊರಗೆ ನಿಂತು ಕೊಟ್ಟ ಬೆಂಬಲದಿಂದ. ಒಂದೇ ಮನೆಗೆ ಎರಡು ಕಡೆಯಿಂದ ಊರುಗೋಲು. ಆ ಊರುಗೋಲುಗಳೆರಡಕ್ಕೆ ಪರಸ್ಪರ ಮುಖ ಕಂಡರಾಗದು.

ಇಂಥ ಸರ್ಕಾರ ಏನು ಮಾಡೀತೆಂದು ಊಹಿಸುವುದು ಕಷ್ಟವಲ್ಲ. ಎಡದವರಿಗೂ ನೋಯದಂತೆ, ಬಲದವರಿಗೂ ನೋಯದಂತೆ, ಏನನ್ನೂ ಮಾಡದೆ ದಿನ ನೂಕುವುದು. ಅಡ್ಡಗೋಡೆಯ ದೀಪಕ್ಕೆ ಇದಕ್ಕಿಂತ ಪ್ರಶಸ್ತವಾದ ಗೋಡೆ ಎಲ್ಲಿ ಸಿಕ್ಕೀತು! ಆದರೆ ಆ ಸರ್ಕಾರದಲ್ಲಿ ಗ್ರಾಮಾಭಿವೃದ್ಧಿ ಮತ್ತು ಪಂಚಾಯತ್ ರಾಜ್ಯದ ಖಾತೆ ಹೊತ್ತವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರು. ಆ ವರ್ಷಗಳಲ್ಲಿ ರಾಜ್ಯಕ್ಕೆ ಬರಗಾಲ ಮೇಲಿಂದ ಮೇಲೆ ಬಂತು. ಊರೂರಿಗೆ ಕೊಳವೆಬಾವಿ ತೋಡಿಸಿ ಕೈಪಂಪು ಹಾಕಿಸಿದುದರಿಂದ ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. ಸರ್ಕಾರದ ಬಿರುದುಗಳಿಗಿಂತ ಜನರಿಡುವ ಹೆಸರುಗಳು ಹೆಚ್ಚು ಕಾಲ ಬಾಳುತ್ತವೆ. ಆದರೆ ನೀರಿಗಿಂತಲೂ ಆಳವಾದುದೊಂದು ಅವರ ಮನಸ್ಸಿನಲ್ಲಿತ್ತು.

ಅದನ್ನು ಅರಿಯಬೇಕಾದರೆ ಹಿಂದಿನ ವ್ಯವಸ್ಥೆ ಹೇಗಿತ್ತೆಂಬುದು ತಿಳಿದಿರಬೇಕು. ಇಲ್ಲಿ ನಾವು ಕಲೆಕ್ಟರೆಂದು ಕರೆಯುವ ಅಧಿಕಾರಿಯನ್ನು ಕರ್ನಾಟಕದಲ್ಲಿ ಡೆಪ್ಯುಟಿ ಕಮಿಷನರೆನ್ನುತ್ತಾರೆ. ಬ್ರಿಟಿಷರ ಕಾಲದಿಂದಲೂ ಜಿಲ್ಲೆಯೆಂದರೆ ಆತನೇ. ಹಳ್ಳಿಯ ಶಾಲೆಯ ಹೆಂಚು ಒಡೆದರೂ, ಆಸ್ಪತ್ರೆಗೆ ವೈದ್ಯರು ಬಾರದಿದ್ದರೂ ಅರ್ಜಿಯು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗಿ, ಬೆಂಗಳೂರಿನ ವಿಧಾನಸೌಧವನ್ನು ಮುಟ್ಟಿ, ಅದೇ ಮೆಟ್ಟಿಲುಗಳನ್ನು ಇಳಿದು ಬರಬೇಕು. ಅಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ. ಗ್ರಾಮ ಪಂಚಾಯತಿಗಳು ಇರಲಿಲ್ಲವೆಂದಲ್ಲ, ಇದ್ದವು. ಅವುಗಳ ಕೈಯಲ್ಲಿ ಹಣವಿರಲಿಲ್ಲ, ನೌಕರರಿರಲಿಲ್ಲ. ಬಡವರಿಗೆ ಸರ್ಕಾರ ಹೆಚ್ಚು ಕೊಡಬೇಕೆಂದು ಎಡದವರು ಕೇಳುತ್ತಿದ್ದರು. ದೂರದ ಸರ್ಕಾರಕ್ಕೆ ಊರಿನ ಕಷ್ಟಸುಖ ತಿಳಿಯದು, ಅದರ ಕೈ ಚಿಕ್ಕದಾಗಲಿ ಎಂದು ಬಲದವರು ಹೇಳುತ್ತಿದ್ದರು. ವಿಚಾರಮಾಡಿ ನೋಡಿದರೆ ಇಬ್ಬರ ಮಾತಿನಲ್ಲಿಯೂ ಹುರುಳಿತ್ತು. ಸರ್ಕಾರ ದೊಡ್ಡದಾಗಬೇಕೆ, ಚಿಕ್ಕದಾಗಬೇಕೆ ಎಂದು ಅವರು ವಾದಿಸುತ್ತಿದ್ದಾಗ ಬೇರಿನಲ್ಲಿದ್ದ ಪ್ರಶ್ನೆ ಮತ್ತೊಂದು: ಸರ್ಕಾರ ಎಲ್ಲಿರಬೇಕು?

ಈ ಪ್ರಶ್ನೆಗೆ ಉತ್ತರವಾಗಿ 1983ರಲ್ಲಿಯೇ ವಿಧಾನಮಂಡಲದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಮಸೂದೆ ಅಂಗೀಕೃತವಾಯಿತು. ರಾಷ್ಟ್ರಪತಿಗಳ ಸಮ್ಮತಿ ದೊರೆಯುವಷ್ಟರಲ್ಲಿ 1985 ಬಂದಿತ್ತು. ಈ ನಡುವೆ ಒಂದು ವಿಚಿತ್ರ ನಡೆಯಿತು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಜನರ ವಿಶ್ವಾಸ ತಮಗಿಲ್ಲವೆಂದು ಹೆಗಡೆಯವರು ರಾಜೀನಾಮೆಯಿತ್ತು ವಿಧಾನಸಭೆಗೆ ಹೊಸ ಚುನಾವಣೆ ಬೇಡಿದರು. 1985ರ ಮಾರ್ಚಿಯಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನಗಳನ್ನು ಕೊಟ್ಟರು. ಈಗ ಊರುಗೋಲಿನ ಅವಶ್ಯಕತೆಯಿರಲಿಲ್ಲ. ಸ್ವಂತ ಬಹುಮತ ಬಂದ ಮೇಲೆ ಅಧಿಕಾರವನ್ನು ಹಂಚುವ ಮಾತನ್ನು ಮರೆತುಬಿಡುವುದು ಲೋಕರೂಢಿ. ಈ ಸರ್ಕಾರ ಮರೆಯಲಿಲ್ಲ.

ಹೊಸ ಏರ್ಪಾಡಿನಲ್ಲಿ ಕೆಲವು ಹಳ್ಳಿಗಳನ್ನು ಕೂಡಿಸಿ ಒಂದು ಮಂಡಲ. ಅದರ ಮುಖ್ಯಸ್ಥನಿಗೆ ಪ್ರಧಾನನೆಂದು ಹೆಸರು. ಜಿಲ್ಲೆಗೊಂದು ಪರಿಷತ್ತು; ಅದರ ಅಧ್ಯಕ್ಷನಿಗೆ ರಾಜ್ಯಮಂತ್ರಿಯ ಅಂತಸ್ತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಡೆಪ್ಯುಟಿ ಕಮಿಷನರಿಗಿಂತ ಹಿರಿಯನಾದ ಐ.ಎ.ಎಸ್. ಅಧಿಕಾರಿಯನ್ನು ನೇಮಿಸಿ, ಆತನನ್ನು ಚುನಾಯಿತ ಅಧ್ಯಕ್ಷನ ಕೈಕೆಳಗೆ ಇಟ್ಟರು. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಕುಡಿಯುವ ನೀರು ಮುಂತಾದ ಕೆಲಸಗಳೂ ಅವುಗಳ ಹಣವೂ ನೌಕರರೂ ಪರಿಷತ್ತಿನ ವಶಕ್ಕೆ ಬಂದವು. ಕೇಂದ್ರ, ರಾಜ್ಯ, ಜಿಲ್ಲೆ, ಹಳ್ಳಿ ಎಂಬ ನಾಲ್ಕು ಕಂಬಗಳ ಮೇಲೆ ರಾಜ್ಯ ನಿಲ್ಲಬೇಕೆಂದು ರಾಮಮನೋಹರ ಲೋಹಿಯಾ ಹೇಳುತ್ತಿದ್ದರು. ಆ ಸಮಾಜವಾದಿಯ ಮಾತೂ, ಗ್ರಾಮವೇ ಸ್ವರಾಜ್ಯದ ನೆಲೆಯೆಂಬ ಗಾಂಧೀಜಿಯವರ ಮಾತೂ ಇಲ್ಲಿ ಕೂಡಿಕೊಂಡವು. ಸ್ಥಾನಗಳಲ್ಲಿ ಶೇಕಡಾ 25ನ್ನು ಸ್ತ್ರೀಯರಿಗೆ ಮೀಸಲಿಟ್ಟುದು ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಅಂದಿನ ಪಾರ್ಲಿಮೆಂಟಿನಲ್ಲಾಗಲಿ ವಿಧಾನಸಭೆಗಳಲ್ಲಾಗಲಿ ಇಂಥದು ಕನಸಿನಲ್ಲಿಯೂ ಇರಲಿಲ್ಲ.

1987ರ ಜನವರಿಯಲ್ಲಿ ಚುನಾವಣೆ ನಡೆದು 19 ಜಿಲ್ಲಾ ಪರಿಷತ್ತುಗಳು ಏರ್ಪಟ್ಟವು. ಮಂಡಲಗಳಿಗೂ ಪರಿಷತ್ತುಗಳಿಗೂ ಸೇರಿ ಆರಿಸಿ ಬಂದವರ ಸಂಖ್ಯೆ 50,000ಕ್ಕೂ ಮೀರಿತ್ತು. ಕೆಲವು ಜಿಲ್ಲೆಗಳಲ್ಲಿ ಬಹುಮತ ಪಡೆದುದು ವಿರೋಧಪಕ್ಷವಾದ ಕಾಂಗ್ರೆಸ್ಸು. ತನ್ನ ಕೈಯಾರೆ ಬಿಟ್ಟುಕೊಟ್ಟ ಅಧಿಕಾರ ಎದುರಾಳಿಯ ಕೈಸೇರಿದುದನ್ನು ನೋಡಿಯೂ ಸರ್ಕಾರ ಅದನ್ನು ಹಿಂದಕ್ಕೆ ಸೆಳೆದುಕೊಳ್ಳಲಿಲ್ಲ. ಮೂಲಗಾಮಿ ಎಂಬ ಮಾತಿಗೆ ನಾನು ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ಕಂಡಿಲ್ಲ.

ಫಲವೇನಾಯಿತು? ರಿಚರ್ಡ್ ಕ್ರೂಕ್, ಜೇಮ್ಸ್ ಮ್ಯಾನರ್ ಎಂಬ ಇಬ್ಬರು ವಿದ್ವಾಂಸರು ಕರ್ನಾಟಕದ ಈ ಪ್ರಯೋಗವನ್ನು ಆಫ್ರಿಕದ ದೇಶಗಳ ಪ್ರಯೋಗಗಳೊಡನೆ ಹೋಲಿಸಿ 1998ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಹಳ್ಳಿಯ ಉಪಾಧ್ಯಾಯರೂ ಆರೋಗ್ಯ ಕೇಂದ್ರದ ಸಿಬ್ಬಂದಿಯೂ ಮೊದಲಿಗಿಂತ ಸರಿಯಾಗಿ ಕೆಲಸಕ್ಕೆ ಬರತೊಡಗಿದುದು ಅವರ ಗಮನಕ್ಕೆ ಬಂದ ಸಂಗತಿಗಳಲ್ಲೊಂದು. ಕಾರಣ ಸರಳ: ಮೇಷ್ಟರು ಬರಲಿಲ್ಲವೆಂದು ದೂರುವುದಕ್ಕೆ ಈಗ ಬೆಂಗಳೂರಿಗೆ ಹೋಗಬೇಕಾಗಿರಲಿಲ್ಲ, ಸಂಜೆ ಪ್ರಧಾನರ ಜಗಲಿಗೆ ಹೋದರೆ ಸಾಕಾಗಿತ್ತು. ಕುಂದುಗಳೂ ಇದ್ದವು. ಮೀಸಲು ಸ್ಥಾನದಿಂದ ಬಂದ ಅನೇಕ ಸ್ತ್ರೀಯರ ಪರವಾಗಿ ಅವರ ಗಂಡಂದಿರೇ ಮಾತಾಡಿದರು. ಊರಿನ ಬಲಿಷ್ಠ ಜಾತಿಗಳವರು ಹೊಸ ಅಧಿಕಾರವನ್ನೂ ತಮ್ಮ ಪಡಸಾಲೆಗೆ ಎಳೆದುಕೊಂಡುದುಂಟು. ಕಾಯ್ದೆಯಂತೆ ಕೂಡಬೇಕಾಗಿದ್ದ ಗ್ರಾಮಸಭೆಗಳು ಹಲವು ಕಡೆ ಕೂಡಲಿಲ್ಲ; ಜನರ ಪ್ರಶ್ನೆಗಳನ್ನು ಎದುರಿಸುವ ಧೈರ್ಯ ಚುನಾಯಿತರಿಗೇ ಸಾಲದೆಹೋಯಿತು.

ಎಲ್ಲಕ್ಕಿಂತ ಬಲವಾದ ವಿರೋಧ ಬಂದುದು ಎಡದಿಂದಲೂ ಅಲ್ಲ, ಬಲದಿಂದಲೂ ಅಲ್ಲ, ಒಳಗಿನಿಂದ. ವರ್ಗಾವಣೆ, ಕಾಮಗಾರಿ, ಕೊಳವೆಬಾವಿ ಎಲ್ಲವೂ ಜಿಲ್ಲಾ ಪರಿಷತ್ತಿಗೆ ಹೋದರೆ ಶಾಸಕನ ಮನೆಗೆ ಬರುವವರು ಯಾರು? ಆಳುವ ಪಕ್ಷದ ಶಾಸಕರೇ ಗೊಣಗಿದರು. ಅವರನ್ನು ಸಮಾಧಾನಪಡಿಸುವುದಕ್ಕಾಗಿ ತಾಲ್ಲೂಕಿನ ಹಂತದಲ್ಲಿ ಚುನಾವಣೆಯಿಲ್ಲದ ಸಮಿತಿಯನ್ನಿಟ್ಟು ಅದಕ್ಕೆ ಶಾಸಕನನ್ನೇ ಅಧ್ಯಕ್ಷನನ್ನಾಗಿ ಮಾಡಬೇಕಾಯಿತು. ಇದು ಬೇರಿನ ಕೆಲಸವಲ್ಲ, ಕೋಲು ಮುರಿಯದಂತೆ ನೋಡಿಕೊಂಡ ಕೆಲಸ; ಮೂಲಗಾಮಿಗಳೂ ಒಮ್ಮೊಮ್ಮೆ ಬರಿಯ ಮಧ್ಯಸ್ಥರಾಗಬೇಕಾಗುತ್ತದೆ.

ಮುಖ್ಯಮಂತ್ರಿಗಳೂ ದೋಷರಹಿತರಾಗಿರಲಿಲ್ಲ. ಆಳುವವರ ಮೇಲಿನ ದೂರುಗಳನ್ನು ವಿಚಾರಿಸುವ ಲೋಕಾಯುಕ್ತದ ಕಾಯ್ದೆಯನ್ನು 1984ರಲ್ಲಿ ತಂದವರು ಹೆಗಡೆಯವರೇ. ಆದರೆ ಸಾರಾಯಿಯನ್ನು ಸೀಸೆಗೆ ತುಂಬುವ ಗುತ್ತಿಗೆಯ ವಿಷಯದಲ್ಲಿ ಉಚ್ಚ ನ್ಯಾಯಾಲಯವು ಅವರ ಸರ್ಕಾರವನ್ನು ಆಕ್ಷೇಪಿಸಿದಾಗ 1986ರಲ್ಲಿ ಅವರು ರಾಜೀನಾಮೆ ಕೊಟ್ಟು ಹಿಂತೆಗೆದುಕೊಂಡರು. ದೂರವಾಣಿಗಳನ್ನು ಕದ್ದು ಕೇಳಿಸಿದ ಆಪಾದನೆಯ ಮೇಲೆ 1988ರ ಆಗಸ್ಟಿನಲ್ಲಿ ಕೊಟ್ಟ ರಾಜೀನಾಮೆ ಹಿಂದಿರುಗಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ನಜೀರ್ ಸಾಬರು ಕ್ಯಾನ್ಸರಿನಿಂದ ತೀರಿಕೊಂಡರು. ಮೈಸೂರಿನ ಗ್ರಾಮಾಭಿವೃದ್ಧಿ ಸಂಸ್ಥೆಗೆ ಈಗ ಅವರ ಹೆಸರಿದೆ.

1992ರಲ್ಲಿ ಪರಿಷತ್ತುಗಳ ಐದು ವರ್ಷದ ಅವಧಿ ಮುಗಿಯಿತು. ಆ ವೇಳೆಗೆ ಬಂದಿದ್ದ ಬೇರೆಯ ಸರ್ಕಾರವು ಹೊಸ ಚುನಾವಣೆ ನಡೆಸದೆ ಅಧಿಕಾರಿಗಳನ್ನು ಆಡಳಿತಕ್ಕೆ ನೇಮಿಸಿತು. 50,000 ಜನರ ಅಧಿಕಾರ ಒಂದು ಆಜ್ಞೆಯಿಂದ ಇಲ್ಲವಾಯಿತು. ರಾಜ್ಯದ ಶಾಸನವೊಂದರ ಮೇಲೆ ನಿಂತ ಸಂಸ್ಥೆಯನ್ನು ರಾಜ್ಯ ಸರ್ಕಾರ ಎಷ್ಟು ಸುಲಭವಾಗಿ ಬದಿಗೆ ಸರಿಸಬಹುದೆಂಬುದನ್ನು ಇದು ತೋರಿಸಿಕೊಟ್ಟಿತು. ಸಂವಿಧಾನದಲ್ಲಿಯೇ ಇದಕ್ಕೆ ನೆಲೆ ಬೇಕೆಂಬ ಪ್ರಯತ್ನ ಅದಕ್ಕೆ ಮುಂಚೆಯೇ ದಿಲ್ಲಿಯಲ್ಲಿ ನಡೆದಿತ್ತು. ರಾಜೀವ್ ಗಾಂಧಿಯವರು 1989ರಲ್ಲಿ ತಂದ ಮಸೂದೆ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ಮುಂದೆ ನರಸಿಂಹರಾಯರ ಕಾಲದಲ್ಲಿ 73ನೆಯ ತಿದ್ದುಪಡಿ ಅಂಗೀಕೃತವಾಗಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. 1978ರಿಂದ ಪಶ್ಚಿಮ ಬಂಗಾಳದ ಎಡಪಂಥೀಯ ಸರ್ಕಾರ ನಡೆಸಿದ ಪಂಚಾಯತಿಗಳೂ, ಕರ್ನಾಟಕದ ಜಿಲ್ಲಾ ಪರಿಷತ್ತುಗಳೂ ಈ ತಿದ್ದುಪಡಿಗೆ ಮಾದರಿಗಳಾಗಿ ಕಣ್ಣೆದುರಿಗಿದ್ದವು. ಸ್ತ್ರೀಯರ ಪಾಲು ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗಕ್ಕೆ ಏರಿತು. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಲೇಬೇಕೆಂದು ಸಂವಿಧಾನವೇ ಹೇಳಿತು. ನಗರಗಳಿಗೆ ಅದೇ ಬಗೆಯ ವ್ಯವಸ್ಥೆ ಮಾಡಿದುದು 74ನೆಯ ತಿದ್ದುಪಡಿ.

ಇಷ್ಟೆಲ್ಲ ಹಳ್ಳಿಯ ಮಾತು, ಮಾಂಬಲದಲ್ಲಿರುವ ನಮಗೇನೆಂದು ಯಾರಾದರೂ ಕೇಳಬಹುದು. ನಮ್ಮ ನಗರಸಭೆ 1688ರಲ್ಲಿ ಹುಟ್ಟಿದುದು. ದೇಶದಲ್ಲಿ ಅದಕ್ಕಿಂತ ಹಳೆಯದಿಲ್ಲ. ಆದರೂ 1973ರಿಂದ 1996ರವರೆಗೆ ಅದರಲ್ಲಿ ಚುನಾಯಿತ ಸದಸ್ಯರಿರಲಿಲ್ಲ. 74ನೆಯ ತಿದ್ದುಪಡಿ ಬಂದ ಬಳಿಕವೂ, 2016ರ ಅಕ್ಟೋಬರಿನಲ್ಲಿ ಅವಧಿ ಮುಗಿದಾಗ ಚುನಾವಣೆಯ ಪ್ರಕಟಣೆ ನ್ಯಾಯಾಲಯದಲ್ಲಿ ರದ್ದಾಗಿ, ಒಂದಲ್ಲ ಒಂದು ಕಾರಣದಿಂದ ಐದು ವರ್ಷಗಳಿಗೂ ಹೆಚ್ಚು ಕಾಲ ನಗರವನ್ನು ಅಧಿಕಾರಿಗಳೇ ನಡೆಸಿದರು. 2021ರ ನವೆಂಬರಿನ ಮಳೆಯಲ್ಲಿ ರೈಲುದಾರಿಯ ಆಚೆ ತ್ಯಾಗರಾಯನಗರವೂ ಈಚೆ ಪಶ್ಚಿಮ ಮಾಂಬಲವೂ ನೀರಿನಲ್ಲಿ ನಿಂತುದನ್ನು ನಿಮ್ಮಲ್ಲಿ ಹಲವರು ಮರೆತಿರಲಾರಿರಿ. ಒಂದು ಕಾಲಕ್ಕೆ ದೊಡ್ಡ ಕೆರೆಯಿದ್ದ ಜಾಗದ ಮೇಲೆ ಕಟ್ಟಿದ ಬಡಾವಣೆಗಳಿವು. ಲೇಕ್ ವ್ಯೂ ರಸ್ತೆಯಲ್ಲಿ ಈಗ ಕೆರೆಯಿಲ್ಲ, ಹೆಸರಿದೆ. ನೀರು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಬಂದಾಗ ಬೀದಿಯ ಜನ ಹೋಗಿ ಕೇಳಬಹುದಾದ, ತಾವೇ ಆರಿಸಿದ ವಾರ್ಡಿನ ಸದಸ್ಯರೆಂಬವರು ಆ ದಿನ ಇಡೀ ನಗರದಲ್ಲಿ ಒಬ್ಬರೂ ಇರಲಿಲ್ಲ. ಚರಂಡಿಯನ್ನು ಎಡಪಂಥದವರು ತೋಡಿಸಬೇಕೋ ಬಲಪಂಥದವರು ತೋಡಿಸಬೇಕೋ ಎಂಬ ಪ್ರಶ್ನೆ ಅಂದು ಯಾರಿಗೂ ಹೊಳೆದಿರಲಾರದು.

ಕೊನೆಗೆ 2022ರ ಫೆಬ್ರುವರಿ 19ರಂದು 200 ವಾರ್ಡುಗಳಿಗೆ ಮತದಾನ ನಡೆಯಿತು. ಈ ಸಾರಿ ಸ್ತ್ರೀಯರಿಗೆ ಮೀಸಲಾಗಿದ್ದುದು ಅರ್ಧ ಭಾಗ. ಮಾರ್ಚ್ 4ರಂದು ರಿಪ್ಪನ್ ಕಟ್ಟಡದಲ್ಲಿ ಸದಸ್ಯರು ಸೇರಿ, ಉತ್ತರ ಚೆನ್ನೈಯಿಂದ ಆರಿಸಿ ಬಂದಿದ್ದ 28 ವರ್ಷದ ಆರ್. ಪ್ರಿಯಾ ಅವರನ್ನು ಮೇಯರನ್ನಾಗಿ ಚುನಾಯಿಸಿದರು. 1688ರಿಂದ ಅಂದಿನವರೆಗೆ ಆ ಸ್ಥಾನಕ್ಕೆ ಬಂದ ಮೊದಲನೆಯ ದಲಿತ ಮಹಿಳೆ ಆಕೆ.